ಏಳನೆಯ ಓಣಿಯ ಬೇವು

ನಮ್ಮೂರಿನ ಒಂದನೆಯ ಓಣಿಯಿಂದ ಏಳನೆಯ ಓಣಿಗೆ ಹೋಗುವಷ್ಟರಲ್ಲಿ ಮನುಷ್ಯ ಆರು ಸಲ ಬಟ್ಟೆ ಬದಲಿಸಬೇಕಾಗುತ್ತದೆ ಎಂದು ಪರ ಊರಿನವರು ಆಡಿಕೊಳ್ಳುತ್ತಾರೆ. ಅದು ಸುಳ್ಳು. ನಾಲ್ಕನೆಯ ಓಣಿಯ ತಿರುವಿನಲ್ಲಿ ಒಂದು ಕಂಬಳಿ ಹೊದ್ದುಕೊಳ್ಳಬೇಕು, ಆರನೆಯದರ ತಿರುವಿನಲ್ಲಿ ಅದರ ಮೇಲೆ ಇನ್ನೊಂದು. ಅಷ್ಟೇ. ಎರಡೂ ಕಡೆ ಗೋಡೆಗೆ ಸಾಲಾಗಿ ಗೂಟ ಹೊಡೆದಿದ್ದಾರೆ. ಹತ್ತುವವರು ಗೂಟದಿಂದ ಕಂಬಳಿ ತೆಗೆದುಕೊಳ್ಳುತ್ತಾರೆ, ಇಳಿಯುವವರು ತೂಗುಹಾಕಿ ಹೋಗುತ್ತಾರೆ. ಯಾವ ಕಂಬಳಿ ಯಾರದು ಎಂದು ಕೇಳುವವರಿಲ್ಲ. ಅದನ್ನು ಮೊದಲು ಹೊದ್ದವನು ಬೆಳ್ಳುಳ್ಳಿ ವ್ಯಾಪಾರಿ ಎಂಬುದು ಎಷ್ಟೋ ಸಲ ಹೊದ್ದಮೇಲೆಯೇ ತಿಳಿಯುತ್ತದೆ.

ಓಣಿಗೂ ಓಣಿಗೂ ನಡುವೆ ಹನ್ನೊಂದು ಮೆಟ್ಟಿಲು. ಒಂದನೆಯ ಓಣಿಯಲ್ಲಿ ವರ್ಷವಿಡೀ ಬೆವರು. ಅಲ್ಲಿನ ಶರಬತ್ತಿನ ಅಂಗಡಿಗಳು ಬಾಗಿಲು ಹಾಕಿದ್ದನ್ನು ನಾನು ಕಂಡಿಲ್ಲ. ನಾನಿರುವ ಮೂರನೆಯದು ಹದವಾದದ್ದು, ಬೆಳಿಗ್ಗೆ ಒಂದು ಧೋತರ ಹೆಚ್ಚು ಹೊದ್ದರೆ ಸಾಕು. ಏಳನೆಯದರಲ್ಲಿ ಮಾತ್ರ ದೀಪಾವಳಿಯಿಂದ ಹೋಳಿ ಹುಣ್ಣಿಮೆಯ ತನಕ ಬೆಳಗಾದರೆ ಬಾನಿಯ ನೀರು ಕಲ್ಲಾಗಿರುತ್ತದೆ. ಅಲ್ಲಿಯ ಇಪ್ಪತ್ತೆರಡು ಮನೆಯವರು ಆ ಕಲ್ಲುನೀರನ್ನು ಕೊಯ್ದು, ಹೊಟ್ಟಿನಲ್ಲಿ ಸುತ್ತಿ, ಬುಟ್ಟಿಯಲ್ಲಿ ಹೊತ್ತು ಶರಬತ್ತಿನ ಅಂಗಡಿಗಳಿಗೆ ತರುತ್ತಾರೆ. ಮೇಲೆ ನಡುಗುತ್ತ ಹೊರಟವರು ಕೆಳಗೆ ಮುಟ್ಟುವಾಗ ಬೆವರುತ್ತಿರುತ್ತಾರೆ. ತಲೆಯ ಮೇಲಿನ ಬುಟ್ಟಿಯಿಂದ ತೊಟ್ಟಿಕ್ಕುವ ನೀರನ್ನು ಮಾತ್ರ ಯಾರೂ ಒರೆಸಿಕೊಳ್ಳುವುದಿಲ್ಲ.

ಏಳನೆಯ ಓಣಿ ಎಂದು ಈಗ ಸಲೀಸಾಗಿ ಅನ್ನುತ್ತಿದ್ದೇನೆ. ನಾನು ಹೇಳುವ ಕಾಲಕ್ಕೆ ಅದು ಓಣಿಯೇ ಆಗಿರಲಿಲ್ಲ. ಅದನ್ನು ‘ಆರರ ಮ್ಯಾಲಿಂದು’ ಎನ್ನುತ್ತಿದ್ದರು. ನಮ್ಮಲ್ಲಿ ಓಣಿ ಅನಿಸಿಕೊಳ್ಳಬೇಕಾದರೆ ಅದರ ತಲೆಗೆ ಒಂದು ಬೇವಿನ ಗಿಡ ಇರಬೇಕು; ಅದು ಮೂರು ಚಳಿಗಾಲ ದಾಟಿರಬೇಕು; ಯುಗಾದಿಯ ದಿನ ಅದೇ ಗಿಡದ ಕಹಿಗೆ ಬೆಲ್ಲ ಕಲಸಿ ಮಾಡಿದ ಬೇವನ್ನು ಉಳಿದ ಓಣಿಗಳ ಹಿರಿಯರು ಬಂದು ಕುಡಿಯಬೇಕು. ಅಲ್ಲಿಯತನಕ ಅಲ್ಲಿಗೆ ನಲ್ಲಿ ಬರುವುದಿಲ್ಲ, ಬೀದಿದೀಪ ಬರುವುದಿಲ್ಲ. ಅಲ್ಲಿ ಹುಟ್ಟಿದ ಕೂಸನ್ನು ಆರನೆಯ ಓಣಿಯ ದಫ್ತರದಲ್ಲಿ ಬರೆಯುತ್ತಾರೆ. ಯುಗಾದಿಯ ಬೆಳಿಗ್ಗೆ ಊರೆಲ್ಲ ತಮ್ಮ ತಮ್ಮ ಗಡಿಗೆಯ ಬೇವು ಕುಡಿಯುತ್ತಿದ್ದರೆ, ಆ ಇಪ್ಪತ್ತೆರಡು ಮನೆಯವರು ಖಾಲಿ ತಂಬಿಗೆ ಹಿಡಿದು ಆರನೆಯ ಓಣಿಗೆ ಇಳಿದು ಬರುತ್ತಿದ್ದರು. ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಸುರಿಯುವಾಗ ಒಂದು ಮಾತು ಅನ್ನದೆ ಬಿಡುತ್ತಲೂ ಇರಲಿಲ್ಲ.

ನನ್ನ ಹೆಸರು ಮಲಕಾಜಪ್ಪ. ಸಸಿ ಬೆಳೆಸಿ ಕೊಡುವುದು ನಮ್ಮ ಮನೆತನದ ಕೆಲಸ. ‘ಓಣಿ ಹತ್ತಿಸುವುದು’ ನಮ್ಮಪ್ಪನಿಂದ ಬಂದ ವಿದ್ಯೆ: ಕುಂಡವನ್ನು ಒಂದು ಓಣಿಯಲ್ಲಿ ನಲವತ್ತು ದಿನ ಇರಿಸಿ, ಅಲ್ಲಿಯ ಗಾಳಿ ಮೈಗೆ ಹಿಡಿದ ಮೇಲೆ ಹನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ಯುವುದು. ದಾಸವಾಳವನ್ನು ಐದನೆಯ ಓಣಿಯ ತನಕ ಹತ್ತಿಸಿದವನು ನಾನು. ಇನ್ನು ಬೇವು. ಆರೂ ಓಣಿಯ ಬೇವು ಒಂದನೆಯ ಓಣಿಯ ದೊಡ್ಡಬೇವಿನ ವಂಶ ಎಂಬುದು ಊರಿನ ಹೆಮ್ಮೆ. ಮೂವರು ಕೈಗೆ ಕೈ ಕೂಡಿಸಿ ತಬ್ಬಿದರೂ ಸುತ್ತು ಮುಗಿಯದ ಮರ ಅದು. ಆದ್ದರಿಂದ ನಾನೂ ಅದರ ಬೀಜದ ಸಸಿಗಳನ್ನೇ ಮೇಲಕ್ಕೆ ಹತ್ತಿಸಿದ್ದೆ. ಎರಡು ಸಲ ಹತ್ತಿಸಿದ್ದೆ, ಎರಡೂ ಸತ್ತಿದ್ದವು.

ಆ ವರ್ಷದ ಯುಗಾದಿಗೆ ದೊಡ್ಡಬೇವಿನ ಕಟ್ಟೆಯ ಮೇಲೆ ಹಿರಿಯರು ಕೂತು, ಬೇವು ಕುಡಿದು, ಮೀಸೆ ಒರೆಸಿಕೊಂಡು ಒಂದು ತೀರ್ಮಾನ ಮಾಡಿದರು. ಒಂದನೆಯ ಓಣಿಯ ಹಿರಿಯ ಚನಮಲ್ಲಪ್ಪ ಎದ್ದು ನಿಂತು ಅದನ್ನು ಹೇಳಿದರು. ಅವರು ದಪ್ಪ ಮನುಷ್ಯ, ಕೆಟ್ಟವರಲ್ಲ; ಹೆಗಲ ಮೇಲಿನ ವಲ್ಲಿಯಿಂದ ಬೆವರು ಒರೆಸಿಕೊಳ್ಳದೆ ಎರಡು ಮಾತು ಆಡಲಾರರು.

“ನಲವತ್ತ ವರ್ಷ ಆತು. ಗಿಡಾನ ನಿಲ್ಲವಲ್ದು ಅಂದ್ರ ಅದು ಮಂದಿ ಇರೂ ಜಾಗಾ ಅಲ್ಲ. ಇನ್ನ ನಾಕ ಯುಗಾದಿ ನೋಡ್ತೀವಿ. ನಾಕನೇದಕ್ಕ ಅಲ್ಲಿ ಬೇವು ಕುಡ್ಯಾಕ ಸಿಗಲಿಲ್ಲ ಅಂದ್ರ ಮನೀ ತಗದು ಬರೇ ಬಾನಿ ಇಡೂಣು. ಮಂದಿ ಕೆಳಗಿನ ಓಣ್ಯಾಗ ಇರ್ಲಿ. ಮುಂಜಾನೆ ಹತ್ತಲಿ, ಕೊಯ್ಯಲಿ, ಇಳೀಲಿ.”

ಮರುದಿನವೇ ದುಂಡವ್ವ ನನ್ನ ಸಸಿಮಡಿಗೆ ಬಂದಳು. ಹೆಸರು ದುಂಡವ್ವ, ಆಳು ಕಡ್ಡಿ. ಅರವತ್ತು ದಾಟಿದ್ದಳು. ಆ ಇಪ್ಪತ್ತೆರಡು ಮನೆಗಳಲ್ಲಿ ಮೊದಲನೆಯದನ್ನು ಕಟ್ಟಿದವಳು ಅವಳೇ. ಅವಳ ಕೈಯ ಕಲ್ಲುನೀರು ಗಾಜಿನ ಹಾಗೆ ಬರುತ್ತದೆ ಎಂದು ಶರಬತ್ತಿನವರು ಕಾದು ಕೊಳ್ಳುತ್ತಿದ್ದರು.

“ಏನೋ ಮಲಕಾಜಿ, ಎರಡ ಗಿಡಾ ಕೊಂದಿ. ಮೂರನೇದ ಯಾವಾಗ ಕೊಲ್ತಿ?”

“ಕುಂದರ ಯಕ್ಕಾ, ಚಾ ಕುಡಿ.”

“ಚಾ ಬ್ಯಾಡೋ, ಸೆಕಿ. ನಿಮ್ಮ ಓಣ್ಯಾಗ ಮಂದಿ ಹೆಂಗ ಉಸರಾಡ್ತೀರೋ ಏನೋ” ಎನ್ನುತ್ತಲೇ ಕೂತು ಎರಡು ಕಪ್ಪು ಕುಡಿದಳು. ಆಮೇಲೆ ಕಪ್ಪನ್ನು ಬೋರಲು ಇಟ್ಟು, ದನಿ ತಗ್ಗಿಸಿ ಹೇಳಿದಳು: “ನನಗ ನಾಕ ಮಕ್ಕಳೋ ತಮ್ಮಾ. ನಾಕೂ ನನ್ನ ಮನ್ಯಾಗ ಹುಟ್ಟ್ಯಾವು, ಬರದದ್ದು ಆರನೇ ಓಣ್ಯಾಗ. ಹೋಗ್ಲಿ ಅಂದ್ನಿ. ಈಗ ಮನೀನ ತಗೀತಾರಂತ. ನಾ ಕೆಳಗ ಬದುಕೂ ಆಕಿ ಅಲ್ಲ. ಎರಡನೇ ಓಣಿಗೆ ಒಂದ ಮದುವಿಗೆ ಬಂದಿದ್ದೆ, ಮೂರ ದಿನ ಮೈತುಂಬ ಬೆವರಸಾಲಿ. ಈ ಸಲ ಗಟ್ಟೀದು ಕೊಡೋ.”

ಗಟ್ಟಿಯದನ್ನೇ ಆರಿಸಿದೆ. ಮೊಣಕಾಲೆತ್ತರ, ಹೆಬ್ಬೆರಳು ದಪ್ಪದ ಕಾಂಡ, ದೊಡ್ಡಬೇವಿನ ಮಕ್ಕಳಲ್ಲೇ ಚೆಲುವಾದದ್ದು. ನಲವತ್ತು ದಿನಕ್ಕೊಂದು ಓಣಿಯಂತೆ ಹತ್ತಿಸಿಕೊಂಡು ದಸರೆಗೆ ಸರಿಯಾಗಿ ಮೇಲಕ್ಕೆ ಮುಟ್ಟಿಸಿದೆ. ಇಪ್ಪತ್ತೆರಡು ಮನೆಯವರು ಅದಕ್ಕೆ ಮಾಡಿದ ಉಪಚಾರ ಬಾಣಂತಿಗೂ ಸಿಗಲಿಕ್ಕಿಲ್ಲ. ಗಾಳಿಗೆ ಅಡ್ಡ ಗೋಣಿತಟ್ಟು, ಬುಡಕ್ಕೆ ಹೊಟ್ಟು, ಸಂಜೆಯಾದರೆ ಮೇಲೊಂದು ಕಂಬಳಿ. ಗಿಡವೂ ಉಂಡು ಉಟ್ಟು ಸುಖವಾಗಿತ್ತು, ತಾಮ್ರದ ಬಣ್ಣದ ಚಿಗುರು ಬಿಡುತ್ತಲೇ ಇತ್ತು. ದೀಪಾವಳಿ ಕಳೆದು ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಚಿಗುರಿಗೆ ಚಿಗುರೇ ಕುದಿನೀರು ಸುರಿದ ಹಾಗೆ ಕಪ್ಪಾಗಿತ್ತು. ಹದಿನೈದು ದಿನಕ್ಕೆ ಮತ್ತೆ ಚಿಗುರಿತು, ಮತ್ತೆ ಕಪ್ಪಾಯಿತು. ಸಂಕ್ರಾಂತಿಗೆ ಅದು ಒಲೆಗೆ ಹಾಕುವ ಕಡ್ಡಿ.

ಆ ಕಡ್ಡಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದೆ. ಆರನೆಯ ಓಣಿಯ ತಿರುವಿನಲ್ಲಿ ಒಂದು ಕಂಬಳಿ ತೆಗೆದು ಗೂಟಕ್ಕೆ ಹಾಕಿದೆ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಎಂದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಎದುರಿಗೆ ಆರನೆಯ ಓಣಿಯ ಬೇವು.

ಆ ಬೇವನ್ನು ಸಾವಿರ ಸಲ ನೋಡಿದ್ದೆ ಎಂದರೆ ನೋಡಿರಲಿಲ್ಲ ಎಂದೇ ಅರ್ಥ. ಎಂಬತ್ತು ವರ್ಷದ ಮರ, ನನ್ನ ತಲೆಗಿಂತ ಒಂದು ಮೊಳ ಎತ್ತರ. ಸೊಂಟ ನೋವಿನವನ ಹಾಗೆ ಒಂದು ಕಡೆ ಬಾಗಿ, ಗಂಟುಗಂಟಾಗಿ ನಿಂತಿದೆ. ಆರನೆಯ ಓಣಿಯವರಿಗೆ ಅದೊಂದು ನಾಚಿಕೆ. ಬೀಗರು ಬಂದರೆ ‘ಹ್ವಾದ ವರ್ಷ ಹಚ್ಚಿದ್ದು’ ಎಂದು ಹೇಳಿ ಬೇಗ ಒಳಗೆ ಕರೆದುಕೊಂಡು ಹೋಗುತ್ತಾರೆ. ಅವತ್ತು ಅದರ ಮೈಮೇಲೆ ಒಂದು ಎಲೆ ಇರಲಿಲ್ಲ. ಇದೂ ಸತ್ತಿತೇ ಎಂದು ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಹಸಿರು, ಹೆಸರುಕಾಳಿನಂಥ ಹಸಿರು. ಟೊಂಗೆಯ ತುದಿಯ ಮೊಗ್ಗುಗಳು ಸಾಸಿವೆಯಷ್ಟು, ಬಾಯಿ ಬಿಗಿದುಕೊಂಡು ಕೂತಿದ್ದವು. ಕೈಯಲ್ಲಿದ್ದ ನನ್ನ ಕಡ್ಡಿಯನ್ನು ನೋಡಿದೆ. ಅದು ಕೊನೆಯ ಗಳಿಗೆಯ ತನಕ ಬಾಯಿ ತೆರೆದುಕೊಂಡೇ ಸತ್ತಿತ್ತು.

ಒಂದನೆಯ ಓಣಿಯ ದೊಡ್ಡಬೇವು ಒಂದು ಕಡೆ ಎಲೆ ಉದುರಿಸುತ್ತಲೇ ಇನ್ನೊಂದು ಕಡೆ ಚಿಗುರುತ್ತದೆ. ಅದಕ್ಕೆ ಮಲಗುವುದು ಗೊತ್ತಿಲ್ಲ, ಮಲಗುವ ಅಗತ್ಯವೂ ಬಿದ್ದಿಲ್ಲ. ಅದರ ಮಕ್ಕಳಿಗೆ ಯಾರು ಕಲಿಸಬೇಕು? ನಲವತ್ತು ದಿನದಲ್ಲಿ ನಾನು ಕಲಿಸುತ್ತೇನೆಂದು ಹೊರಟಿದ್ದೆ. ನಾನು ಕುಂಡವನ್ನು ಮೆಟ್ಟಿಲು ಹತ್ತಿಸಿದ್ದೆ, ಗಿಡ ಮಾತ್ರ ಒಂದನೆಯ ಓಣಿಯಲ್ಲೇ ಉಳಿದಿತ್ತು.

ಬೇವಿನ ಹಣ್ಣು ಆಗುವುದು ಆಷಾಢಕ್ಕೆ. ಆಷಾಢ ಬಂದ ಕೂಡಲೇ ಆರನೆಯ ಓಣಿಯ ಹಿರಿಯ ನಿಜಗುಣಪ್ಪ ಕಾಕಾನ ಮನೆಗೆ ಹೋದೆ. ಎಳೆಬಿಸಿಲಿಗೆ ಬೆನ್ನು ಕೊಟ್ಟು ಹುರಿ ಹೊಸೆಯುತ್ತ ಕೂತಿದ್ದ.

“ಕಾಕಾ, ನಿಮ್ಮ ಬೇವಿನ ಹಣ್ಣು ಬೇಕಾಗ್ಯಾವು.”

ಹುರಿ ನಿಂತಿತು. “ಯಾಕ? ಮಂದಿಗೆ ತೋರಿಸಿ ನಗಾಕ?”

“ಮ್ಯಾಲ ಹಚ್ಚಾಕ.”

“ದೊಡ್ಡಬೇವಿನ ಬೀಜ ಬಿಟ್ಟು ನಮ್ಮ ಗಿಡ್ಡಂದಾ? ತಲಿ ನೆಟ್ಟಗೈತೇನೋ? ಚನಮಲ್ಲಪ್ಪಗ ಗೊತ್ತಾದ್ರ ಕಟ್ಟಿ ಹತ್ತಗೊಡೂದಿಲ್ಲ ನಿನ್ನ.”

“ನಿಮ್ದೂ ದೊಡ್ಡಬೇವಿಂದ ಅಲ್ಲೇನ್ರಿ?”

“ಹೌದು, ಅದರದ್ದ. ನಮ್ಮಜ್ಜ ಒಂದ ಗಿಡಾ ಹಚ್ಚಿದ ಅಂತ ತಿಳದೀಯೇನು? ನೂರಾಯೆಂಟ ಹಚ್ಚಿದ್ದನಂತ. ಒಂದಾದ ಮ್ಯಾಲೊಂದ ಸತ್ತು. ಊರ ಮಂದಿ ಹುಚ್ಚ ಅಂದ್ರು. ಕಡೀಕೆ ಉಳದದ್ದು ಇದೊಂದ. ಇದು ಉಳದದ್ದೂ ಯಾಕಂತೀ, ಇಷ್ಟು ಕುರೂಪಿ, ಇದನ್ನ ಒಯ್ಯಾಕ ಯಮಗೂ ಮನಸಾಗ್ಲಿಲ್ಲ.”

ಅಂದು ತಾನೇ ನಕ್ಕ. ನನಗೆ ನಗು ಬರಲಿಲ್ಲ. ನೂರೇಳನ್ನು ಚಳಿ ಆರಿಸಿ ತೆಗೆದುಹಾಕಿತ್ತು. ಮಲಗಲು ಬಲ್ಲದ್ದೊಂದನ್ನು ಮಾತ್ರ ಬಿಟ್ಟಿತ್ತು. ನಮ್ಮಪ್ಪನೂ ನಾನೂ ಮಾಡಲಾಗದ ಕೆಲಸವನ್ನು ಎಂಬತ್ತು ವರ್ಷದ ಹಿಂದೆಯೇ ಯಾರೋ ಮಾಡಿ ಮುಗಿಸಿದ್ದರು.

“ಹಣ್ಣು ಒಯ್ಯಿ” ಎಂದ ಕಾಕಾ. “ಖರೇ ಯಾರ ಮುಂದೂ ಬಾಯಿ ಬಿಡಬ್ಯಾಡ. ಅದೂ ಹಿಂಗ ಡೊಂಕಾತಂದ್ರ ಆರನೇ ಓಣ್ಯಾವ್ರ ಹೊಲಸ ಬೀಜ ಕೊಟ್ರು ಅಂತಾರ.”

ಗಿಡದಲ್ಲಿದ್ದದ್ದೇ ಇಪ್ಪತ್ತಾರು ಕಾಯಿ. ಗುಬ್ಬಿ, ಗೊರವಂಕಗಳಿಗೆ ಸಿಗದಂತೆ ಹೆಂಡತಿಯ ಹಳೆಯ ಸೀರೆ ಕಟ್ಟಿದೆ. ಅದಕ್ಕೆ ಅವಳು, “ನನಗ ಹೊಸಾದು ತರಾಕಾಗೂದಿಲ್ಲ, ಇದ್ದದ್ದನ್ನ ಗಿಡಕ್ಕ ಉಡಸ್ರಿ” ಎಂದಳು. ಹತ್ತೊಂಬತ್ತು ಹಣ್ಣು ಕೈಗೆ ಬಂದವು. ಬೇವಿನ ಬೀಜದ ಜೀವ ಹದಿನೈದು ಇಪ್ಪತ್ತು ದಿನ, ಆಮೇಲೆ ಬಿತ್ತಿದರೆ ಮಣ್ಣಿಗೆ ಮಣ್ಣು. ಅವತ್ತೇ ತಿರುಳು ತೊಳೆದು ಮೇಲಕ್ಕೆ ಒಯ್ದೆ.

“ಕುಂಡ ಎಲ್ಲಿ?” ಎಂದಳು ದುಂಡವ್ವ.

“ಕುಂಡ ಇಲ್ಲ. ಈ ಸಲ ಇಲ್ಲೇ ಹುಟ್ಟಲಿ, ಕಣ್ಣು ಬಿಟ್ಟ ದಿನದಿಂದ ಇಲ್ಲೀದ ಗಾಳಿ ಕುಡೀಲಿ. ಕಂಬಳೀನೂ ಬ್ಯಾಡ, ತಟ್ಟೂ ಬ್ಯಾಡ.”

“ಏನ ಜಾತಿ ಬೀಜ ಇದು, ಇಷ್ಟ ಸಣ್ಣದು?”

“ಬೇವಿಂದ ಯಕ್ಕಾ” ಎಂದೆ. ಕಾಕಾನಿಗೆ ಕೊಟ್ಟ ಮಾತು ನೆನಪಿತ್ತು.

ಹನ್ನೊಂದು ಹುಟ್ಟಿದವು. ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗಲೇ, ಚಳಿ ಬೀಳುವ ಮೊದಲೇ, ಹನ್ನೊಂದೂ ಎಲೆ ಉದುರಿಸಿ ಬೋಳಾಗಿ ನಿಂತವು. ನನ್ನ ಮನಸ್ಸಿಗೆ ಹಬ್ಬವಾಯಿತು. ಮೇಲಿನವರ ಮನೆಯಲ್ಲಿ ಮಾತ್ರ ಸೂತಕ. ಐದನೆಯ ಓಣಿಯ ತನಕ ಬೇವು ಹೀಗೆ ಪೂರಾ ಬೋಳಾಗುವುದಿಲ್ಲ, ಆರನೆಯದರ ಗಿಡ್ಡ ಮರವನ್ನು ಯಾರೂ ನೋಡುವುದಿಲ್ಲ. ಬೋಳಾಯಿತೆಂದರೆ ಹೋಯಿತು ಎಂದೇ ಲೆಕ್ಕ. ಸತ್ತದ್ದು ಖಾತ್ರಿ ಮಾಡಿಕೊಳ್ಳಲು ಒಬ್ಬ ಎರಡನ್ನು ಕಿತ್ತು ನೋಡಿದ್ದ. ಬೇರು ಬೆಳ್ಳಗೆ, ಮೂಲಂಗಿಯ ಹಾಗೆ ಹಸಿಯಾಗಿ ಇದ್ದವಂತೆ. ನಾನು ಹೋಗುವಷ್ಟರಲ್ಲಿ ಅವು ಒಣಗಿದ್ದವು.

“ಮಲಗ್ಯಾವಪಾ, ಸತ್ತಿಲ್ಲ!” ಎಂದು ಕೂಗಿದೆ. “ಮಲಗಿದವ್ರನ್ನ ಸತ್ತಾರೇನು ಅಂತ ಕಿತ್ತು ನೋಡ್ತೀರೇನು?”

“ಮಲಗ್ಯಾವಂತ ಯಾರ ಹೇಳಬೇಕು? ಗೊರಕಿ ಹೊಡೀತಾವೇನು?” ಎಂದು ಕಿತ್ತವನು ಕೇಳಿದ. ಅವನದೂ ಸರಿ.

ಒಂಬತ್ತರಲ್ಲಿ ಮೊದಲ ಚಳಿ ದಾಟಿದ್ದು ಐದು. ಎರಡನೆಯ ಚಳಿ ದೊಡ್ಡದು. ಪುಷ್ಯಮಾಸದಲ್ಲಿ ಬಾನಿಯ ನೀರು ತಳದ ತನಕ ಗಟ್ಟಿಯಾಗಿ ಎರಡು ಬಾನಿಯೇ ಸೀಳಿದವು. ಒಂದು ಮಧ್ಯಾಹ್ನ ದುಂಡವ್ವ ಇಳಿದು ಬಂದು ನನ್ನ ಸಸಿಮಡಿಯಲ್ಲಿ ಸುಮ್ಮನೆ ಕೂತಳು. ಬೈಯಲಿಲ್ಲ, ಚಾ ಬೇಡ ಅನ್ನಲಿಲ್ಲ.

“ನಾನ ಕೊಂದ್ನೆಪಾ” ಎಂದಳು ಕೊನೆಗೆ. “ಚಳಿ ನೋಡಾಕಾಗ್ಲಿಲ್ಲ. ಕೂಸಿಗೆ ಕಾಸಿಧಂಗ ಮೂರರ ಬುಡಕ್ಕ ಕೆಂಡದ ಗಡಗಿ ಇಟ್ನಿ, ಹತ್ತ ದಿನ. ಮೂರೂ ಚಿಗತು. ಎಷ್ಟ ಚಂದಿದ್ವು ಅಂತೀ. ನಿನಗ ತೋರಿಸಬೇಕಂತಿದ್ದೆ. ನಿನ್ನಿ ಕೆಂಡ ಆರಿತು. ಇವತ್ತ ನೋಡಿದ್ರ ಕರ್ರಗ.”

ನಾನು ಸಿಟ್ಟು ಮಾಡಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಕಂಬಳಿ ಹೊದೆಸಿ ಕೊಂದವನು ನಾನು, ಕೆಂಡ ಕಾಸಿ ಕೊಂದವಳು ಅವಳು. ಇಬ್ಬರೂ ಪ್ರೀತಿಯಿಂದಲೇ ಎಬ್ಬಿಸಿದ್ದೆವು. “ಇನ್ನ ಎರಡ ಅದಾವಲ್ಲ ಯಕ್ಕಾ. ಅವನ್ನ ಎಬ್ಬಿಸಬ್ಯಾಡ” ಎಂದಷ್ಟೇ ಅಂದೆ. ಆಗ ಚಾ ಕೇಳಿದಳು.

ಆ ಎರಡರಲ್ಲಿ ಒಂದನ್ನು ಅದೇ ಚಳಿ ಒಯ್ದಿತು. ಉಳಿದದ್ದು ಒಂದು. ಅದು ಇರುವುದು ಓಣಿಯ ತಲೆಗಲ್ಲ, ತುಸು ಒಳಗೆ, ದುಂಡವ್ವನ ಬಚ್ಚಲ ಗೋಡೆಯ ಹತ್ತಿರ. ಅಲ್ಲಿಂದ ಕಿತ್ತು ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಓಣಿಯ ತಲೆ ಎಂದರೆ ಇನ್ನು ಮುಂದೆ ಇದೇ ಎಂದು ಎಲ್ಲರೂ ಒಪ್ಪಿಕೊಂಡು, ಮೆಟ್ಟಿಲಿನಿಂದ ಬರುವ ದಾರಿಯನ್ನೇ ಅತ್ತ ತಿರುಗಿಸಿದರು. ಮೂರನೆಯ ಚಳಿಗಾಲ ಯಾರೂ ಅದರ ಹತ್ತಿರ ಹೋಗಲಿಲ್ಲ. ಹೋಗುವ ಬರುವವರು ಅಲ್ಲಿಗೆ ಬಂದಾಗ ಮಾತು ತಗ್ಗಿಸುತ್ತಿದ್ದರು. ದುಂಡವ್ವನ ಸೊಸೆ ನೀಲವ್ವ ಹಸುಗೂಸನ್ನು ಮಲಗಿಸಿದ ಕೋಣೆಯ ಬಾಗಿಲು ಹಾಕುವ ಹಾಗೆ ಬಚ್ಚಲ ಬಾಗಿಲು ಹಾಕುತ್ತಿದ್ದಳು.

ಹೀಗೆ ನಾಲ್ಕನೆಯ ಯುಗಾದಿ ಬಂತು. ಕೆಳಗೆ ದೊಡ್ಡಬೇವು ಹೂವಿನಿಂದ ಬೆಳ್ಳಗಾಗಿ ಒಂದನೆಯ ಓಣಿಯೆಲ್ಲ ಘಮಘಮ. ನಾಲ್ಕನೆಯದರಲ್ಲಿ ಹೂ ಈಗಷ್ಟೇ ಬಿಡುತ್ತಿತ್ತು. ಆರನೆಯದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚಿಗುರು. ಹಿಂದಿನ ದಿನ ಮಧ್ಯಾಹ್ನ ಮೇಲೆ ಹೋಗಿ ನೋಡಿದರೆ ನಮ್ಮ ಗಿಡ ಬೋಳು. ಕೆರೆದರೆ ಒಳಗೆ ಹಸಿರು, ಮೊಗ್ಗು ತುಸು ಉಬ್ಬಿವೆ, ಅಷ್ಟೇ. ಏಳಲು ಇನ್ನೂ ಇಪ್ಪತ್ತು ದಿನ ಬೇಕು. ತಡವಾಗಿ ಏಳುವುದರಿಂದಲೇ ಅದು ಬದುಕಿತ್ತು. ತಡವಾಗಿ ಏಳುವುದರಿಂದಲೇ ಈಗ ಇಪ್ಪತ್ತೆರಡು ಮನೆ ಹೋಗಲಿದ್ದವು.

ಯುಗಾದಿಯ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ನಮ್ಮ ಓಣಿಯ ಗಿಡದಿಂದ ಒಂದು ಹಿಡಿ ಎಲೆ, ಹೂ ಮುರಿದು ಕಂಬಳಿಯೊಳಗೆ ಇಟ್ಟುಕೊಂಡು ಮೇಲೆ ಹೋದೆ. ದಾರದಿಂದ ಕಡ್ಡಿಗೆ ಕಟ್ಟಿದರೆ ಯಾರಿಗೆ ತಿಳಿಯುತ್ತದೆ?

ದುಂಡವ್ವ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು. “ಏನೈತಿ ಕಂಬಳ್ಯಾಗ?”

“ಏನಿಲ್ಲ ಯಕ್ಕಾ.”

“ಏನಿಲ್ಲದ್ದು ಬೇವಿನ ಹೂವಿನ ವಾಸನೀ ಬರ್ತೈತೇನು?” ಎದ್ದು ಬಂದು ಕಂಬಳಿಯೊಳಗೆ ಕೈ ಹಾಕಿ ಎಳೆದುಕೊಂಡಳು. ಒಂದು ಗಳಿಗೆ ಆ ಹೂವನ್ನು ನೋಡುತ್ತ ನಿಂತಳು. ಅವಳಿಗೂ ಆಸೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅದನ್ನು ಒಯ್ದು ಗೋಡೆಯಾಚೆಗಿನ ಆಡಿನ ಮುಂದೆ ಹಾಕಿದಳು.

“ಮೂರ ವರ್ಷ ಎಬ್ಬಿಸಬ್ಯಾಡ ಎಬ್ಬಿಸಬ್ಯಾಡ ಅಂತ ನನ್ನ ಬಾಯಿ ಮುಚ್ಚಿಸಿದಿ. ಇವತ್ತ ಮಲಗಿದ್ದಕ್ಕ ಹೂ ಮುಡಿಸಿ ಕುಂದರಿ‍ಸಾಕ ಬಂದೀಯಲ್ಲೋ, ನಾಚಿಕಿ ಆಗೂದಿಲ್ಲ? ಮಂದಿ ಎಲಿ ಕಟ್ಟಿಗೊಂಡ ಓಣಿ ಅನಿಸಿಗೊಳ್ಳೂದಕ್ಕಿಂತ ಬೆವರಸಾಲಿ ಆದ್ರ ಆಗ್ಲಿ.”

“ಮತ್ತೇನ ಮಾಡ್ತಿ ಈಗ?”

ಕುಡುಗೋಲು ತಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬುಡದಿಂದ ಒಡೆದಿದ್ದ ಒಂದು ಪಕ್ಕದ ಟೊಂಗೆ, ಕಿರುಬೆರಳಿನಷ್ಟು, ಅದನ್ನು ಕೊಯ್ದಳು. ಕೊಯ್ದ ಗಾಯಕ್ಕೆ ಹಸಿಮಣ್ಣು ಮೆತ್ತಿದಳು. ಟೊಂಗೆಯ ತೊಗಟೆ ಸುಲಿದು ಒರಳಿಗೆ ಹಾಕಿದಳು.

ಹೊತ್ತು ಮೂರು ಮಾರು ಏರುವಷ್ಟರಲ್ಲಿ ಆರೂ ಹಿರಿಯರು ಬಂದರು, ಒಬ್ಬೊಬ್ಬರ ಮೈಮೇಲೆ ಎರಡೆರಡು ಕಂಬಳಿ. ಚನಮಲ್ಲಪ್ಪ ಇಷ್ಟು ಮೇಲೆ ಬಂದದ್ದು ಅದೇ ಮೊದಲು. ಬೆವರು ಬಾರದ್ದರಿಂದ ವಲ್ಲಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಿಂದ ಕೈಗೆ ಬದಲಿಸುತ್ತಿದ್ದರು. ನಿಜಗುಣಪ್ಪ ಕಾಕಾ ನನ್ನ ಕಡೆ ನೋಡದೆ ಹಿಂದೆ ನಿಂತಿದ್ದ.

“ಎಲ್ಲೈತಿ ಗಿಡ?” ಎಂದರು ಚನಮಲ್ಲಪ್ಪ.

ದುಂಡವ್ವ ತೋರಿಸಿದಳು.

“ಇದಾ? ಇದಕ್ಕ ಎಲಿ ಎಲ್ಲೈತಿ, ಹೂ ಎಲ್ಲೈತಿ? ಇದು ಕಡ್ಡಿ ಐತಿ.”

“ಮಲಗೇತ್ರಿ ಹಿರೇರ” ಎಂದಳು ದುಂಡವ್ವ. “ಜ್ವಾಕಿ, ಸಾವಕಾಶ ಮಾತಾಡ್ರಿ.”

“ಏ, ಚ್ಯಾಷ್ಟಿ ಮಾಡಬ್ಯಾಡ. ಮೂರ ಚಳಿ ದಾಟೇತಿ ಅಂತ ಹೆಂಗ ನಂಬೂದು?”

ಅವಳು ಅವರ ಕೈ ಹಿಡಿದು ಗಿಡದ ಹತ್ತಿರ ಕರೆದೊಯ್ದಳು. ಅವರ ಹೆಬ್ಬೆರಳಿನ ಉಗುರಿನಿಂದಲೇ ತೊಗಟೆ ಕೆರೆಸಿದಳು. ಹಸಿರು ಕಂಡಿತು. ಉಗುರಿನಲ್ಲಿ ಸಿಕ್ಕ ಹಸಿರನ್ನು ಚನಮಲ್ಲಪ್ಪ ಮೂಸಿ ನೋಡಿದರು.

“ಜೀವ ಐತಿ ಖರೆ” ಎಂದರು. “ಆದ್ರ ಯುಗಾದಿಗೆ ಬೇವು ಕುಡೀಬೇಕಲ್ಲ. ಬೇವು ಎಲ್ಲೈತಿ?”

“ಮಾಡೇನ್ರಿ.” ಹೊಸ ಗಡಿಗೆಯ ಮುಚ್ಚಳ ತೆಗೆದಳು. ಬೆಲ್ಲ, ಹುಣಸೆಹುಳಿ, ಪುಟಾಣಿ ಹಿಟ್ಟು ಎಲ್ಲ ಇತ್ತು. ಹೂವಿನ ಬದಲು ತೊಗಟೆ. ಹೂವಿನ ಕಹಿ ಬೆಲ್ಲಕ್ಕೆ ಬಗ್ಗುತ್ತದೆ. ತೊಗಟೆಯ ಕಹಿ ಬೇರೆ.

ಚನಮಲ್ಲಪ್ಪ ವಾಡಿಕೆಯಂತೆ ಲೋಟವನ್ನು ಕಣ್ಣಿಗೊತ್ತಿಕೊಂಡು ಒಂದೇ ಗುಟುಕಿಗೆ ಕುಡಿದರು. ಕುಡಿದವರು ಹಾಗೇ ನಿಂತರು. ಮೊದಲು ಅವರ ಒಂದು ಕಣ್ಣು ಮುಚ್ಚಿತು, ಆಮೇಲೆ ಇನ್ನೊಂದು. ಮೀಸೆಯ ಎರಡೂ ತುದಿ ಬೇರೆ ಬೇರೆ ಕಡೆ ಹೋದವು. ಎರಡನೆಯ ಓಣಿಯ ಹಿರಿಯ ಅವರನ್ನು ನೋಡಿ ತನ್ನ ಲೋಟ ಕೆಳಗಿಡಲು ಹೊರಟಿದ್ದ; ಚನಮಲ್ಲಪ್ಪ ಮಾತಾಡಲಾಗದೆ ‘ಕುಡಿ’ ಎಂದು ಕೈಸನ್ನೆ ಮಾಡಿದರು. ಒಬ್ಬೊಬ್ಬರಾಗಿ ಕುಡಿದರು. ಅಂಗಳದಲ್ಲಿ ಆರು ಜನ ದೊಡ್ಡ ಮನುಷ್ಯರು ನಾಲಿಗೆ ಹೊರಗೆ ಹಾಕಿಕೊಂಡು ನಿಂತರು.

ಮೊದಲು ಮಾತು ಬಂದದ್ದು ನಿಜಗುಣಪ್ಪ ಕಾಕಾನಿಗೆ. ಲೋಟದ ತಳವನ್ನು ಇನ್ನೊಮ್ಮೆ ನೆಕ್ಕಿ ನೋಡಿದ. ಅವನ ಕಣ್ಣು ಅರಳಿತು.

“ಇದು ನಮ್ಮ ಗಿಡದ ಕಹಿ!” ಎಂದ. “ಸಣ್ಣಾಂವಿದ್ದಾಗ ಹೊಟ್ಟಿ ಹುಳಕ್ಕ ನಮ್ಮವ್ವ ಇದ ತೊಗಟಿ ಅರದು ಹಾಕತಿದ್ಲು. ಇಂಥಾ ಕಹಿ ನಿಮ್ಮ ಯಾವ ಓಣ್ಯಾಗೂ ಇಲ್ಲ, ಬೇಕಾದ್ರ ತೋರಸ್ರಿ!” ಯಾರ ಮುಂದೂ ಬಾಯಿ ಬಿಡಬೇಡ ಎಂದು ನನಗೆ ಹೇಳಿದ್ದನ್ನು ಅವನೇ ಮರೆತಿದ್ದ.

ಚನಮಲ್ಲಪ್ಪ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. “ದೊಡ್ಡಬೇವಿನ ಬೀಜ ಅಲ್ಲೇನೋ ಇದು?”

“ಅಲ್ರಿ. ಆರನೇ ಓಣೀದು. ನಿಮ್ಮ ಮರದ ಮಕ್ಕಳು ಮೂರ ಹಚ್ಚಿದ್ನಿ, ಮೂರೂ ಸತ್ತು. ಅವು ಸುಖದಾಗ ಹುಟ್ಟಿದ್ವು, ಅವುಕ್ಕ ಚಳಿ ತಿಳೀಲಿಲ್ಲ.”

“ಆರನೇದರ ಗಿಡ ಯಾರ ಮಗಳ್ರಿ?” ಕಾಕಾ ನಡುವೆ ಬಾಯಿ ಹಾಕಿದ. “ದೊಡ್ಡಬೇವಿನ ಮಗಳಲ್ಲ? ಅಂದಮ್ಯಾಗ ಇದು ಮೊಮ್ಮಗಳು. ಅಜ್ಜಿಗೆ ಮೊಮ್ಮಗಳ ಬ್ಯಾಡ ಅಂತೇನು?”

ಚನಮಲ್ಲಪ್ಪ ಬೋಳು ಕಡ್ಡಿಯನ್ನು ನೋಡಿದರು, ಗಡಿಗೆಯನ್ನು ನೋಡಿದರು, ಬೆಲ್ಲ ಕರಗುವ ತನಕ ಯೋಚಿಸಿದರು. “ಕಹಿ ಬಂತು, ಇಲ್ಲ ಅನ್ನಾಕ ಆಗೂದಿಲ್ಲ” ಎಂದರು. “ಇನ್ನ ಮೂರ ದಿನ ಹೋಗೂದೂ ಇಲ್ಲ. ಏನಂತ ಹೆಸರಿಡ್ತಿ ದುಂಡವ್ವಾ?”

ಅಷ್ಟು ವರ್ಷ ಗಿಡದ ಚಿಂತೆಯೊಂದೇ ಮಾಡಿದವಳಿಗೆ ಹೆಸರಿನ ನೆನಪೇ ಬಂದಿರಲಿಲ್ಲ. ಸುತ್ತ ನಿಂತವರ ಮುಖ ನೋಡಿದಳು. ಅವರು ಅವಳ ಮುಖ ನೋಡಿದರು. “ತಡಬೇವಿನ ಓಣಿ ಅನ್ರಿ” ಎಂದಳು ಕಡೆಗೆ. “ಬರೂ ಮಂದಿಗೆ ಗೊತ್ತಾಗ್ಲಿ, ಇಲ್ಲಿ ಗಡಿಬಿಡಿ ನಡೆಯೂದಿಲ್ಲಂತ.”

ಹೆಸರಿಟ್ಟ ಮೇಲೆ ಹಿರಿಯರು ಓಣಿಯ ತಲೆಗೆ ನಿಂತು, ಮನುಷ್ಯರನ್ನು ಕೂಗುವ ಹಾಗೆ, ಆ ಹೆಸರನ್ನು ಮೂರು ಸಲ ಕೂಗಬೇಕು, ಓಣಿಯವರು ಓಗೊಡಬೇಕು. ಮೂರನೆಯ ಕೂಗಿಗೂ ದನಿ ಬಾರದಿದ್ದರೆ ಅವತ್ತಿನ ಒಪ್ಪಿಗೆ ಮುರಿದಂತೆ. ಎಂಬತ್ತು ವರ್ಷದಿಂದ ಹೊಸ ಓಣಿ ಆಗಿರಲಿಲ್ಲವಾದ್ದರಿಂದ ಇದನ್ನು ಕಂಡವರು ಯಾರೂ ಇರಲಿಲ್ಲ, ಕೇಳಿದವರಷ್ಟೇ.

ಚನಮಲ್ಲಪ್ಪ ವಲ್ಲಿಯನ್ನು ತಲೆಗೆ ಸುತ್ತಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. “ತಡಬೇವಿನ ಓಣೀ…”

ಹುಟ್ಟಿದಾಗಿನಿಂದ ‘ಆರರ ಮ್ಯಾಲಿನವ್ರು’ ಎನಿಸಿಕೊಂಡವರು, ಯಾರನ್ನೋ ಕರೆಯುತ್ತಿದ್ದಾರೆ ಎನ್ನುವ ಹಾಗೆ ಒಬ್ಬರ ಹಿಂದೆ ಒಬ್ಬರು ತಿರುಗಿ ನೋಡಿದರು.

“ತಡಬೇವಿನ ಓಣೀ…”

ದುಂಡವ್ವನ ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಊರಿನಲ್ಲಿ ಯಾರ ಮಾತಿಗೂ ಎದುರು ಮಾತಿಲ್ಲದೆ ಬಿಟ್ಟವಳಲ್ಲ. ಈಗ ಒಂದಕ್ಷರ ಹೊರಡದೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ಕೂಗಿಬಿಡಲೇ ಅನಿಸಿತು, ಆದರೆ ನಾನು ಮೂರನೆಯ ಓಣಿಯವನು. ಚನಮಲ್ಲಪ್ಪ ಅತ್ತ ಇತ್ತ ನೋಡಿ, ಉಸಿರು ಎಳೆದುಕೊಂಡು, ಮೂರನೆಯ ಸಲ ಕೂಗಿದರು.

“ತಡಬೇವಿನ ಓಣೀ…!”

“ಓ! ಯಾರ್ರೀ ಅದು?” ಒಳಗಿನಿಂದ ನೀಲವ್ವನ ದನಿ ಬಂತು. “ಬಂದ್ನೆ, ನಿಂದರ್ರಿ, ಹೋಳಿಗಿ ಹಂಚಿನ ಮ್ಯಾಲ ಅದಾವು!”

ಕೈಯೆಲ್ಲ ಕಣಕ, ಕಂಕುಳಲ್ಲಿ ಕೂಸು, ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದು ನಿಂತಳು. ಅಷ್ಟು ಜನ ತನ್ನನ್ನೇ ನೋಡುತ್ತಿರುವುದು ಕಂಡು ಗಾಬರಿಯಾದಳು. ಆಮೇಲೆ ದುಂಡವ್ವ ಸೆರಗು ಬಾಯಿಂದ ಕಿತ್ತೆಸೆದು, “ಓ!” ಎಂದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಇಡೀ ಇಪ್ಪತ್ತೆರಡು ಮನೆ, ಮುದುಕರು, ಕೂಸುಗಳು, ಗಿಡ ಕಿತ್ತು ನೋಡಿದ್ದವನು, ಎಲ್ಲರೂ ಓ ಎಂದರು. ನಗುತ್ತ ಎಂದರು, ಅಳುತ್ತ ಎಂದರು. “ಸಾಕ್ರಿ, ಕೇಳಿಸ್ತು, ಕೇಳಿಸ್ತು” ಎಂದು ಚನಮಲ್ಲಪ್ಪ ಕೈ ಮೇಲೆತ್ತಿದರು. ಯಾರೂ ನಿಲ್ಲಿಸಲಿಲ್ಲ.